ಮೇನ್ ಅನ್ನು ಕರೆಯುವವರು ಯಾರು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಸಿಎ ಓದುತ್ತಿದ್ದೇನೆ. ಊರು ಚನ್ನಗಿರಿ ತಾಲ್ಲೂಕಿನಲ್ಲಿದೆ, ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಈ ಸೆಮಿಸ್ಟರಿನಲ್ಲಿ ಜಾವಾ ಶುರುವಾಗಿದೆ. ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ ಸಾಲನ್ನು ಈಗ ಹಾಗೆಯೇ ಬರೆದುಕೊಳ್ಳಿ, ಮುಂದೆ ಅರ್ಥವಾಗುತ್ತದೆ ಎಂದಿದ್ದಾರೆ. ನಾನು ಮೇನ್ ಅನ್ನು ಬರೆದಿದ್ದೇನೆ, ಆದರೆ ಎಲ್ಲಿಯೂ ಅದನ್ನು ಕರೆದಿಲ್ಲ. ಹಾಗಿದ್ದರೆ ಅದು ಓಡುವುದು ಹೇಗೆ? ನಾನು ಬರೆದ ಮಾತು ಪರದೆಗೆ ಬರುವುದು ಹೇಗೆ? ಇನ್ನೊಂದು ತೊಂದರೆ: ‘ನಮಸ್ಕಾರ ದಾವಣಗೆರೆ’ ಎಂದು ಕನ್ನಡದಲ್ಲೇ ಬರೆದು ನನ್ನ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಎಣಿಸಿದರೆ 15 ಇವೆ. ನಾನು ಬರೆದದ್ದು 9 ಅಕ್ಷರ. ಹೀಗೇಕೆ?

ಉತ್ತರ: ಪ್ರಶ್ನಾರ್ಥಕ ಚಿಹ್ನೆಗಳನ್ನು ಎಣಿಸಿದ್ದು ಒಳ್ಳೆಯದಾಯಿತು. ಬಹಳ ಮಂದಿ ‘ಕನ್ನಡ ಬರುವುದಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ತಪ್ಪು ಎಲ್ಲಿ ಆಗಿದೆ ಎಂಬುದನ್ನು ಆ 15 ಎಂಬ ಸಂಖ್ಯೆಯೇ ಹೇಳುತ್ತಿದೆ. ಆದರೆ ಅದು ಕೇಳಿಸಬೇಕಾದರೆ, ನೀವು ಬರೆದ ಮಾತು ಫೈಲಿನಿಂದ ಪರದೆಯವರೆಗೆ ಯಾರ ಯಾರ ಕೈ ದಾಟಿ ಹೋಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಆದ್ದರಿಂದ ಕೇಳಿದ ಕ್ರಮದಲ್ಲಿಯೇ ಉತ್ತರಿಸುತ್ತೇನೆ.

‘ಈಗ ಹಾಗೆಯೇ ಬರೆದುಕೊಳ್ಳಿ’ ಎಂಬ ಪಾಠದ ಬಗ್ಗೆ ನನಗೆ ತಕರಾರಿದೆ. ಮೊದಲ ತರಗತಿಯಲ್ಲೇ ಎಲ್ಲವನ್ನೂ ಬಿಡಿಸಿ ಹೇಳಲಾಗದು, ಒಪ್ಪುತ್ತೇನೆ. ಆದರೆ ಆ ‘ಮುಂದೆ’ ಎಂಬುದು ಹಲವರ ಪಾಲಿಗೆ ಕೊನೆಯ ಸೆಮಿಸ್ಟರ್ ಮುಗಿದರೂ ಬರುವುದೇ ಇಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ‘ಮೇನ್ ಏಕೆ ಸ್ಟ್ಯಾಟಿಕ್ ಆಗಿರಬೇಕು?’ ಎಂದು ಕೇಳಿದಾಗ ತಡವರಿಸುವವರಲ್ಲಿ ಒಳ್ಳೆಯ ಅಂಕ ತೆಗೆದವರೂ ಇರುತ್ತಾರೆ. ಆ ಸಾಲಿನ ಒಂದೊಂದು ಪದಕ್ಕೂ ಕಾರಣವಿದೆ. ಕಾರಣ ನಿಮ್ಮ ಪ್ರೋಗ್ರಾಮಿನ ಒಳಗಿಲ್ಲ, ಅದನ್ನು ಹೊರಗಿನಿಂದ ಕರೆಯುವವನ ಬಳಿ ಇದೆ. ಒಳಗೇ ಹುಡುಕುತ್ತ ಕುಳಿತರೆ ಅದು ಮಂತ್ರದಂತೆಯೇ ಉಳಿಯುತ್ತದೆ.

ನಿಮ್ಮ ಪ್ರೋಗ್ರಾಮ್ ಹೀಗಿರಬೇಕು (ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಉದ್ಧರಣ ಚಿಹ್ನೆಯ ಒಳಗಿನ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ):

ಪಬ್ಲಿಕ್ ಕ್ಲಾಸ್ ನಮಸ್ಕಾರ {
    ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
        ಸಿಸ್ಟಮ್.ಔಟ್.ಪ್ರಿಂಟ್‌ಲೈನ್("ನಮಸ್ಕಾರ ದಾವಣಗೆರೆ");
    }
}

ಇದನ್ನು ಓಡಿಸಲು ನೀವು ಎರಡು ಆಜ್ಞೆ ಕೊಡುತ್ತೀರಿ. ಮೊದಲನೆಯದು ‘ಜಾವಾಸಿ’, ಅಂದರೆ ಕಂಪೈಲರ್. ಎರಡನೆಯದು ಬರೀ ‘ಜಾವಾ’. ಇವೆರಡೂ ಬೇರೆ ಬೇರೆ ಪ್ರೋಗ್ರಾಮುಗಳು, ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲ.

ಕಂಪೈಲರ್ ನಿಮ್ಮ ಫೈಲನ್ನು ಓದಿ, ವ್ಯಾಕರಣ ಸರಿಯಿದೆಯೇ ಎಂದು ನೋಡಿ, ‘ನಮಸ್ಕಾರ’ ಎಂಬ ಹೆಸರಿನ ಕ್ಲಾಸ್ ಫೈಲನ್ನು ಬರೆದಿಟ್ಟು ಹೊರಟುಹೋಗುತ್ತದೆ. ಅದು ಏನನ್ನೂ ಓಡಿಸುವುದಿಲ್ಲ. ಮೇನ್ ಇಲ್ಲದ ಕ್ಲಾಸನ್ನು ಕೊಟ್ಟರೂ ಅದು ಗೊಣಗದೆ ಕಂಪೈಲ್ ಮಾಡುತ್ತದೆ. ಬೇಕಾದರೆ ಮೇನ್ ಅನ್ನು ಅಳಿಸಿ ನೋಡಿ. ಮೇನ್ ಬೇಕೆಂಬ ನಿಯಮ ಕಂಪೈಲರಿನದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆ ಕ್ಲಾಸ್ ಫೈಲಿನಲ್ಲಿ ಇರುವುದು ಬೈಟ್‌ಕೋಡ್. ಇಂಟೆಲ್ ಪ್ರೊಸೆಸರಿಗಾಗಲಿ ಮೊಬೈಲಿನ ಪ್ರೊಸೆಸರಿಗಾಗಲಿ ಅದು ನೇರವಾಗಿ ಅರ್ಥವಾಗುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಚೀಲದಲ್ಲಿ ಹೊರಡುವ ಮಂಡಕ್ಕಿಯ ಸ್ಥಿತಿ ಅದರದ್ದು: ಅಕ್ಕಿಯ ಹಂತ ದಾಟಿದೆ, ಆದರೆ ಖಾರ ಮಂಡಕ್ಕಿಯೋ ಒಗ್ಗರಣೆ ಮಂಡಕ್ಕಿಯೋ ಆಗುವುದು ಅದು ತಲುಪಿದ ಊರಿನ ಬಾಣಲೆಯಲ್ಲಿ. ಒಂದೇ ಕ್ಲಾಸ್ ಫೈಲನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಯಂತ್ರಗಳಿಗೆ ಒಯ್ಯಬಹುದು. ಅಲ್ಲಲ್ಲಿನ ಜೆವಿಎಂ (ಜಾವಾ ವರ್ಚುವಲ್ ಮಷೀನ್, ಬೈಟ್‌ಕೋಡನ್ನು ಓಡಿಸುವ ಪ್ರೋಗ್ರಾಮ್) ಅದನ್ನು ಅಲ್ಲಿನ ಪ್ರೊಸೆಸರಿಗೆ ತಕ್ಕಂತೆ ನಡೆಸುತ್ತದೆ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರತಂದಾಗ ಮುಖ್ಯವಾಗಿ ಹೊಗಳಿಕೊಂಡದ್ದು ಈ ಗುಣವನ್ನೇ. ಜಾವಾದ ಜನಕ ಜೇಮ್ಸ್ ಗಾಸ್ಲಿಂಗ್ ತಮಾಷೆಯ ಮನುಷ್ಯ. ಪ್ರತಿ ಕ್ಲಾಸ್ ಫೈಲಿನ ಮೊದಲ 4 ಬೈಟುಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದರೆ ‘ಕೆಫೆ ಬೇಬ್’ ಎಂಬ ಎರಡು ಇಂಗ್ಲಿಷ್ ಪದಗಳಾಗುತ್ತವೆ. ಜೆವಿಎಂ ಫೈಲನ್ನು ತೆರೆದಾಗ ಮೊದಲು ನೋಡುವುದು ಆ ಗುರುತನ್ನೇ. ಅದಿಲ್ಲದಿದ್ದರೆ ಇದು ಕ್ಲಾಸ್ ಫೈಲೇ ಅಲ್ಲ ಎಂದು ತಳ್ಳಿಹಾಕುತ್ತದೆ.

ಗುರುತಿನ ಬೆನ್ನಿಗೇ ಫೈಲಿನ ಆವೃತ್ತಿ ಸಂಖ್ಯೆ ಇರುತ್ತದೆ. ಇದನ್ನು ಹೇಳಲು ಕಾರಣವಿದೆ. ವಿದ್ಯಾನಗರದ ಹಾಸ್ಟೆಲಿನಲ್ಲಿ ಹೊಸ ಲ್ಯಾಪ್‌ಟಾಪಿನ ಮೇಲೆ ಜಾವಾ 21ರಲ್ಲಿ ಕಂಪೈಲ್ ಮಾಡಿ, ಕ್ಲಾಸ್ ಫೈಲನ್ನು ಪೆನ್ ಡ್ರೈವಿನಲ್ಲಿ ತಂದು, ಜಾವಾ 8 ಇರುವ ಲ್ಯಾಬಿನ ಕಂಪ್ಯೂಟರಿಗೆ ಹಾಕಿದರೆ ಅದು ಓಡುವುದಿಲ್ಲ. ಜಾವಾ 21ರ ಫೈಲಿನ ಸಂಖ್ಯೆ 65. ಜಾವಾ 8ಕ್ಕೆ ಗೊತ್ತಿರುವುದು 52ರವರೆಗೆ ಮಾತ್ರ. ದೋಷ ಸಂದೇಶದಲ್ಲಿ ಇವೇ ಎರಡು ಸಂಖ್ಯೆಗಳು ಕಾಣುತ್ತವೆ, ಓದುವ ತಾಳ್ಮೆ ಬೇಕಷ್ಟೆ. ಜಾವಾ ಫೈಲನ್ನೇ ತಂದು ಲ್ಯಾಬಿನಲ್ಲಿ ಮತ್ತೆ ಕಂಪೈಲ್ ಮಾಡಿದರೆ ನಿಮ್ಮ ಈ ಪ್ರೋಗ್ರಾಮಿಗೆ ತೊಂದರೆ ಇರುವುದಿಲ್ಲ.

ಈಗ ಎರಡನೆಯ ಆಜ್ಞೆ. ‘ಜಾವಾ ನಮಸ್ಕಾರ’ ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇರುವುದು ಇಲ್ಲಿಯೇ.

‘ಜಾವಾ’ ಎಂಬ ಆಜ್ಞೆ ಒಂದು ಸಣ್ಣ ಪ್ರೋಗ್ರಾಮ್. ಅದಕ್ಕೆ ಲಾಂಚರ್ ಎಂದು ಹೆಸರು, ಅದನ್ನು ಬರೆದಿರುವುದು ಸಿ ಭಾಷೆಯಲ್ಲಿ. ವಿಂಡೋಸ್ ಅದನ್ನು ಬೇರೆ ಯಾವುದೇ ಪ್ರೋಗ್ರಾಮಿನಂತೆ ಶುರುಮಾಡುತ್ತದೆ. ಲಾಂಚರ್ ಜೆವಿಎಂ ಇರುವ ಲೈಬ್ರರಿ ಫೈಲನ್ನು ಹುಡುಕಿ ಮೆಮೊರಿಗೆ ತರುತ್ತದೆ, ಹೊಸ ಥ್ರೆಡ್ (ಆಜ್ಞೆಗಳು ಒಂದರ ನಂತರ ಒಂದು ನಡೆಯುವ ಎಳೆ) ಒಂದನ್ನು ಹುಟ್ಟಿಸಿ ಅದರಲ್ಲಿ ಜೆವಿಎಂ ಅನ್ನು ಎಬ್ಬಿಸುತ್ತದೆ. ಆ ಥ್ರೆಡ್ಡಿನ ಹೆಸರೂ ‘ಮೇನ್’. ಪ್ರೋಗ್ರಾಮ್ ಮುರಿದುಬಿದ್ದಾಗ ‘ಎಕ್ಸೆಪ್ಷನ್ ಇನ್ ಥ್ರೆಡ್ ಮೇನ್’ ಎಂದು ಬರುತ್ತದಲ್ಲ, ಅಲ್ಲಿನ ಮೇನ್ ಈ ಥ್ರೆಡ್, ನಿಮ್ಮ ಮೆಥಡ್ (ಹೆಸರಿಟ್ಟು ಕರೆಯಬಹುದಾದ ಆಜ್ಞೆಗಳ ಗುಂಪು) ಅಲ್ಲ.

ಜೆವಿಎಂ ಎದ್ದ ಕೂಡಲೇ ನಿಮ್ಮ ಕ್ಲಾಸನ್ನು ಹುಡುಕುವುದಿಲ್ಲ. ಮೊದಲು ತನ್ನ ಮನೆ ಸರಿಮಾಡಿಕೊಳ್ಳುತ್ತದೆ. ಆಬ್ಜೆಕ್ಟ್, ಸ್ಟ್ರಿಂಗ್, ಥ್ರೆಡ್, ಸಿಸ್ಟಮ್ ಹೀಗೆ ನೂರಾರು ಕ್ಲಾಸುಗಳು ನಿಮ್ಮ ಒಂದು ಕ್ಲಾಸಿಗಿಂತ ಮೊದಲೇ ಒಳಗೆ ಬಂದಿರುತ್ತವೆ. ನಂಬಿಕೆ ಬಾರದಿದ್ದರೆ ‘ಜಾವಾ’ ಪದದ ನಂತರ ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ‘ವರ್ಬೋಸ್:ಕ್ಲಾಸ್’ ಎಂದು ಸೇರಿಸಿ, ಆಮೇಲೆ ಕ್ಲಾಸಿನ ಹೆಸರು ಕೊಟ್ಟು ಓಡಿಸಿ. ಪರದೆ ತುಂಬ ಹೆಸರುಗಳು ಓಡುತ್ತವೆ, ನಿಮ್ಮ ‘ನಮಸ್ಕಾರ’ ಎಲ್ಲೋ ಕೆಳಗೆ ಸಿಗುತ್ತದೆ. ಒಂದು ಸಾಲು ಮುದ್ರಿಸಲು ಇಷ್ಟೊಂದೇ ಎಂದು ಸಿ ಕಲಿತವರು ಮೂಗು ಮುರಿಯುವುದುಂಟು. ಇಷ್ಟು ಚಿಕ್ಕ ಪ್ರೋಗ್ರಾಮಿನ ಮಟ್ಟಿಗೆ ಅವರ ಮಾತು ನ್ಯಾಯವೇ.

ಈ ಸಿದ್ಧತೆಯ ನಡುವೆ ನಡೆಯುವ ಒಂದು ಕೆಲಸವನ್ನು ನೆನಪಿಟ್ಟುಕೊಳ್ಳಿ. ಸಿಸ್ಟಮ್ ಕ್ಲಾಸಿನಲ್ಲಿ ‘ಔಟ್’ ಎಂಬ ಫೀಲ್ಡ್ (ಬೆಲೆ ಇಡುವ ಜಾಗ) ಇದೆ. ಮೊದಲಿಗೆ ಅದು ಖಾಲಿ, ಅಂದರೆ ನಲ್. ನಿಮ್ಮ ಮೇನ್ ಶುರುವಾಗುವ ಮೊದಲೇ ಜೆವಿಎಂ ಅದಕ್ಕೆ ಪರದೆಯ ಕಡೆ ಮುಖ ಮಾಡಿದ ಒಂದು ಪ್ರಿಂಟ್‌ಸ್ಟ್ರೀಮ್ ಆಬ್ಜೆಕ್ಟ್ ತಯಾರಿಸಿ ತುಂಬಿಸುತ್ತದೆ. ಅಕ್ಷರಗಳನ್ನು ಬೈಟುಗಳಾಗಿಸಲು ಯಾವ ಕೋಷ್ಟಕ ಬಳಸಬೇಕು ಎಂಬುದೂ ಆಗಲೇ ನಿಶ್ಚಯವಾಗುತ್ತದೆ. ನಿಮ್ಮ 15 ಪ್ರಶ್ನಾರ್ಥಕ ಚಿಹ್ನೆಗಳ ಬೀಜ ಬಿದ್ದದ್ದು ಆ ಕ್ಷಣದಲ್ಲಿ.

ಅನಂತರವೇ ನಿಮ್ಮ ಕ್ಲಾಸಿನ ಸರದಿ. ಬೇರೇನೂ ಹೇಳದಿದ್ದರೆ ಈಗ ಇರುವ ಫೋಲ್ಡರಿನಲ್ಲಿ ಆ ಹೆಸರಿನ ಕ್ಲಾಸ್ ಫೈಲನ್ನು ಹುಡುಕುತ್ತದೆ. ನೀವು ಕೊಡಬೇಕಾದದ್ದು ಕ್ಲಾಸಿನ ಹೆಸರು, ಫೈಲಿನ ಹೆಸರಲ್ಲ. ಕೊನೆಗೆ ಚುಕ್ಕಿ ಇಟ್ಟು ‘ಕ್ಲಾಸ್’ ಎಂದು ಸೇರಿಸಿದರೆ ‘ನಮಸ್ಕಾರ’ ಎಂಬ ಪ್ಯಾಕೇಜಿನೊಳಗಿನ ‘ಕ್ಲಾಸ್’ ಎಂಬ ಕ್ಲಾಸನ್ನು ಕೇಳುತ್ತಿದ್ದೀರಿ ಎಂದು ಅದು ತಿಳಿಯುತ್ತದೆ. ಅಂಥದ್ದು ಇಲ್ಲ ಎನ್ನುತ್ತದೆ. (ಜಾವಾ 11ರಿಂದ ಈಚೆಗೆ ‘.ಜಾವಾ’ ಎಂಬ ಬಾಲದ ಮೂಲ ಫೈಲನ್ನು ನೇರವಾಗಿ ಕೊಡಬಹುದು. ಆಗ ಕಂಪೈಲ್ ಮಾಡುವ ಕೆಲಸ ಮೆಮೊರಿಯಲ್ಲೇ ನಡೆದು, ಕ್ಲಾಸ್ ಫೈಲ್ ಉಳಿಯುವುದಿಲ್ಲ.) ಸಿಕ್ಕ ಬೈಟ್‌ಕೋಡ್ ನಿಯಮಕ್ಕೆ ತಕ್ಕಂತಿದೆಯೇ ಎಂದು ಪರಿಶೀಲಿಸಿದ ಮೇಲೆ ಲಾಂಚರ್ ಒಂದು ಪ್ರಶ್ನೆ ಕೇಳುತ್ತದೆ: ಈ ಕ್ಲಾಸಿನಲ್ಲಿ ‘ಮೇನ್’ ಎಂಬ ಹೆಸರಿನ, ಸ್ಟ್ರಿಂಗುಗಳ ಪಟ್ಟಿಯನ್ನು ತೆಗೆದುಕೊಳ್ಳುವ, ಏನನ್ನೂ ಹಿಂದಿರುಗಿಸದ, ಸ್ಟ್ಯಾಟಿಕ್ ಮೆಥಡ್ ಇದೆಯೇ? ಇದ್ದರೆ ಕರೆಯುತ್ತದೆ. ನಿಮ್ಮ ಮೇನ್ ಅನ್ನು ಕರೆಯುವುದು ಈ ಲಾಂಚರ್.

ಈಗ ಆ ಸಾಲನ್ನು ಲಾಂಚರಿನ ಜಾಗದಲ್ಲಿ ನಿಂತು ಓದಿ.

ನೀವು ಹೊರಗಿನವರು. ಕ್ಲಾಸಿನ ಒಳಗಿನ ಒಂದು ಮೆಥಡ್ಡನ್ನು ಕರೆಯಬೇಕಾದರೆ ಅದು ಹೊರಗಿನವರಿಗೂ ತೆರೆದಿರಬೇಕು. ಅದಕ್ಕೇ ಪಬ್ಲಿಕ್.

ಸ್ಟ್ಯಾಟಿಕ್ ಏಕೆ ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಸಾಮಾನ್ಯ ಮೆಥಡ್ಡನ್ನು ಕರೆಯಲು ಆಬ್ಜೆಕ್ಟ್, ಅಂದರೆ ಕ್ಲಾಸಿನ ಅಚ್ಚಿನಿಂದ ತೆಗೆದ ವಸ್ತು, ಬೇಕು. ನಿಮ್ಮ ಕ್ಲಾಸ್ ಈಗಷ್ಟೇ ಒಳಗೆ ಬಂದಿದೆ, ಅದರ ಆಬ್ಜೆಕ್ಟ್ ಒಂದೂ ಹುಟ್ಟಿಲ್ಲ. ಲಾಂಚರ್ ತಾನೇ ಒಂದನ್ನು ಹುಟ್ಟಿಸಬಹುದಿತ್ತಲ್ಲ ಎನ್ನಬಹುದು. ಹುಟ್ಟಿಸಲು ಕನ್‌ಸ್ಟ್ರಕ್ಟರ್ ಅನ್ನು, ಅಂದರೆ ಆಬ್ಜೆಕ್ಟನ್ನು ಕಟ್ಟುವ ಭಾಗವನ್ನು, ಕರೆಯಬೇಕು. ನಿಮ್ಮ ಕನ್‌ಸ್ಟ್ರಕ್ಟರ್ ಹೆಸರು, ವಯಸ್ಸು, ಅಂಕ ಎಂದು ಮೂರು ಬೆಲೆಗಳನ್ನು ಕೇಳಿದರೆ ಲಾಂಚರ್ ಎಲ್ಲಿಂದ ತರಬೇಕು? ಆಬ್ಜೆಕ್ಟಿನ ಹಂಗೇ ಇಲ್ಲದೆ ಕ್ಲಾಸಿನ ಹೆಸರಿನಲ್ಲೇ ಕರೆಯಬಹುದಾದ ಮೆಥಡ್ ಇರಲಿ ಎಂದು ಜಾವಾ ಈ ತೊಡಕನ್ನು ಬದಿಗಿಟ್ಟಿತು.

ವಾಯ್ಡ್ ಎಂದರೆ ಏನನ್ನೂ ಹಿಂದಿರುಗಿಸುವುದಿಲ್ಲ. ಸಿ ಭಾಷೆಯಲ್ಲಿ ಮೇನ್ ಒಂದು ಸಂಖ್ಯೆಯನ್ನು ಕೊಡುತ್ತದೆ, ಆಪರೇಟಿಂಗ್ ಸಿಸ್ಟಮ್ ಅದನ್ನು ‘ಕೆಲಸ ಹೇಗಾಯಿತು’ ಎಂಬುದರ ವರದಿಯಾಗಿ ತೆಗೆದುಕೊಳ್ಳುತ್ತದೆ. ಜಾವಾದಲ್ಲಿ ಮೇನ್ ಮುಗಿದರೂ ಪ್ರೋಗ್ರಾಮ್ ಮುಗಿದಿರಬೇಕೆಂದಿಲ್ಲ. ನೀವು ಹುಟ್ಟಿಸಿದ ಬೇರೆ ಥ್ರೆಡ್ಡುಗಳು ಇನ್ನೂ ದುಡಿಯುತ್ತಿರಬಹುದು, ಜೆವಿಎಂ ಅವುಗಳಿಗಾಗಿ ಕಾಯುತ್ತದೆ. ಹಾಗಿರುವಾಗ ಮೇನ್ ಕೊಡುವ ವರದಿಗೆ ಅರ್ಥ ಕಡಿಮೆ. ವರದಿ ಕೊಡಲೇಬೇಕಿದ್ದರೆ ‘ಸಿಸ್ಟಮ್.ಎಕ್ಸಿಟ್’ ಇದೆ.

ಸ್ಟ್ರಿಂಗ್ ಪಟ್ಟಿ ನಿಮ್ಮ ಆಜ್ಞೆಯಲ್ಲಿ ಕ್ಲಾಸಿನ ಹೆಸರಿನ ನಂತರ ಬರುವ ಪದಗಳಿಗಾಗಿ. ‘ಜಾವಾ ನಮಸ್ಕಾರ ಹರಿಹರ ಜಗಳೂರು’ ಎಂದು ಕೊಟ್ಟರೆ ಆರ್ಗ್ಸ್[0] ಹರಿಹರ, ಆರ್ಗ್ಸ್[1] ಜಗಳೂರು. ಏನೂ ಕೊಡದಿದ್ದರೆ ಪಟ್ಟಿ ಖಾಲಿ ಇರುತ್ತದೆ, ನಲ್ ಆಗಿರುವುದಿಲ್ಲ. ‘ಆರ್ಗ್ಸ್’ ಎಂಬ ಹೆಸರು ಬರೀ ರೂಢಿ, ‘ಊರುಗಳು’ ಎಂದಿಟ್ಟರೂ ನಡೆಯುತ್ತದೆ. ನಿಜಕ್ಕೂ ಕನ್ನಡ ಅಕ್ಷರಗಳಲ್ಲೇ ಇಡಬಹುದು, ಜಾವಾದಲ್ಲಿ ಹೆಸರುಗಳು ಯೂನಿಕೋಡಿನ (ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) ಯಾವ ಭಾಷೆಯ ಅಕ್ಷರಗಳಲ್ಲಾದರೂ ಇರಬಹುದು. ಪರೀಕ್ಷೆಯಲ್ಲಿ ಮಾತ್ರ ಈ ಸಾಹಸ ಬೇಡ. ‘ಮೇನ್’ ಎಂಬ ಹೆಸರು ಹಾಗಲ್ಲ, ಅದನ್ನು ಬದಲಿಸುವಂತಿಲ್ಲ. ಲಾಂಚರ್ ಹುಡುಕುವುದು ಆ ಹೆಸರನ್ನೇ, ಅದೂ ಎಲ್ಲ ಚಿಕ್ಕಕ್ಷರಗಳಲ್ಲಿ. ದೊಡ್ಡಕ್ಷರದಿಂದ ಶುರುವಾಗುವ ಮೇನ್ ಬರೆದರೆ ಕಂಪೈಲರ್ ಸುಮ್ಮನಿರುತ್ತದೆ, ಓಡಿಸುವಾಗ ಲಾಂಚರ್ ‘ಮೇನ್ ಮೆಥಡ್ ಸಿಗಲಿಲ್ಲ, ಹೀಗೆ ಬರೆಯಿರಿ’ ಎಂದು ಇಡೀ ಸಾಲನ್ನು ಬರೆದು ತೋರಿಸುತ್ತದೆ. ಈ ಸಾಲು ಯಾರ ಬೇಡಿಕೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕರೆಯುವವನು ಬದಲಾದರೆ ಸಾಲೂ ಬದಲಾಗಬೇಕಲ್ಲವೇ? ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರ ಲಾಂಚರ್ ಹೆಚ್ಚು ಉದಾರಿ. ಮೇನ್ ಸ್ಟ್ಯಾಟಿಕ್ ಅಲ್ಲದಿದ್ದರೆ, ಬೆಲೆ ಕೇಳದ ಕನ್‌ಸ್ಟ್ರಕ್ಟರ್ ಇದ್ದಲ್ಲಿ ತಾನೇ ಒಂದು ಆಬ್ಜೆಕ್ಟ್ ಮಾಡಿಕೊಂಡು ಕರೆಯುತ್ತದೆ. ಪಬ್ಲಿಕ್ ಎಂದು ಬರೆಯದಿದ್ದರೂ, ಸ್ಟ್ರಿಂಗ್ ಪಟ್ಟಿ ಇಲ್ಲದಿದ್ದರೂ ನಡೆಯುತ್ತದೆ. ಕ್ಲಾಸ್ ಎಂಬ ಹೊರಕವಚವನ್ನೂ ಬಿಟ್ಟು, ‘ವಾಯ್ಡ್ ಮೇನ್()’ ಎಂದಷ್ಟೇ ಬರೆದು, ಒಳಗೆ ‘ಐಒ.ಪ್ರಿಂಟ್‌ಲೈನ್’ ಎಂದರೆ ಪ್ರೋಗ್ರಾಮ್ ಮುಗಿಯಿತು. ಹೊಸಬರಿಗೆ ಮೊದಲ ದಿನವೇ ಇಷ್ಟು ಭಾರ ಹೊರಿಸುವುದು ತಪ್ಪು ಎಂದು ಜಾವಾ ಕಟ್ಟುವವರೇ 30 ವರ್ಷಗಳ ನಂತರ ಒಪ್ಪಿಕೊಂಡಂತಾಯಿತು. ನಿಮ್ಮ ಪಠ್ಯಕ್ರಮ ಅಲ್ಲಿಗೆ ತಲುಪುವವರೆಗೆ ಉತ್ತರ ಪತ್ರಿಕೆಯಲ್ಲಿ ಉದ್ದ ಸಾಲನ್ನೇ ಬರೆಯಿರಿ, ಹೇಗೂ ಅದು ಎಲ್ಲ ಆವೃತ್ತಿಗಳಲ್ಲೂ ಓಡುತ್ತದೆ.

ಹಳೆಯ ಗೈಡುಗಳಲ್ಲಿ ‘ಮೇನ್ ಇಲ್ಲದೆ ಮುದ್ರಿಸಬಹುದೇ?’ ಎಂಬ ಪ್ರಶ್ನೆಗೆ ‘ಹೌದು, ಸ್ಟ್ಯಾಟಿಕ್ ಬ್ಲಾಕ್ ಬಳಸಿ’ ಎಂಬ ಉತ್ತರವಿರುತ್ತದೆ. ಕ್ಲಾಸ್ ಸಿದ್ಧವಾಗುವಾಗ ಸ್ಟ್ಯಾಟಿಕ್ ಬ್ಲಾಕ್ ಮೇನ್‌ಗಿಂತ ಮೊದಲು ಓಡುವುದು ನಿಜ. ಆದರೆ ಆ ಉತ್ತರ ಜಾವಾ 6ರ ಕಾಲದ್ದು. ಜಾವಾ 7ರಿಂದ ಲಾಂಚರ್ ಮೇನ್ ಇದೆಯೇ ಎಂದು ಮೊದಲು ನೋಡುತ್ತದೆ, ಇಲ್ಲದಿದ್ದರೆ ಬ್ಲಾಕನ್ನು ಓಡಲು ಬಿಡುವುದೇ ಇಲ್ಲ. ಸಂದರ್ಶನದಲ್ಲಿ ಕೇಳಿದರೆ ಎರಡನ್ನೂ ಹೇಳಿ, ಕೇಳಿದವರಿಗೂ ಉಪಯೋಗವಾದೀತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಮಾತು ಪರದೆಗೆ ಬರುವ ಬಗೆ.

‘ಸಿಸ್ಟಮ್.ಔಟ್.ಪ್ರಿಂಟ್‌ಲೈನ್’ ಎಂಬುದು ಒಂದೇ ಪದವಲ್ಲ. ಸಿಸ್ಟಮ್ ಎಂಬುದು ಕ್ಲಾಸ್. ಔಟ್ ಅದರ ಸ್ಟ್ಯಾಟಿಕ್ ಫೀಲ್ಡ್, ಜೆವಿಎಂ ಮೊದಲೇ ತುಂಬಿಸಿಟ್ಟದ್ದು. ಪ್ರಿಂಟ್‌ಲೈನ್ ಆ ಆಬ್ಜೆಕ್ಟಿನ ಮೆಥಡ್. ಜೆಡಿಕೆ (ನೀವು ಸ್ಥಾಪಿಸಿಕೊಂಡ ಜಾವಾ ಉಪಕರಣಗಳ ಕಟ್ಟು) ಜೊತೆ ಬರುವ ‘ಜಾವಾಪಿ’ ಎಂಬ ಉಪಕರಣಕ್ಕೆ, ಅಡ್ಡಗೆರೆ ಹಾಕಿದ ‘ಸಿ’ ಆಯ್ಕೆಯೊಂದಿಗೆ, ನಿಮ್ಮ ಕ್ಲಾಸಿನ ಹೆಸರು ಕೊಟ್ಟರೆ ಮೇನ್‌ನ ಬೈಟ್‌ಕೋಡ್ ಕಾಣುತ್ತದೆ. ಇರುವುದು ನಾಲ್ಕೇ ಆಜ್ಞೆಗಳು: ಔಟ್ ಅನ್ನು ತೆಗೆದುಕೋ, ಈ ಮಾತನ್ನು ತೆಗೆದುಕೋ, ಪ್ರಿಂಟ್‌ಲೈನ್ ಕರೆ, ಹಿಂದಿರುಗು. ಪರದೆ ಎಂಬ ವಸ್ತುವಿನ ಸುಳಿವೇ ಅಲ್ಲಿಲ್ಲ.

ಪ್ರಿಂಟ್‌ಲೈನ್ ಹೆಸರಿನ ಮೆಥಡ್ಡುಗಳು ಒಟ್ಟು 10 ಇವೆ: ಪೂರ್ಣಾಂಕಕ್ಕೆ ಒಂದು, ದಶಮಾಂಶಕ್ಕೆ ಒಂದು, ಸ್ಟ್ರಿಂಗಿಗೆ ಒಂದು ಹೀಗೆ. ಯಾವುದನ್ನು ಕರೆಯಬೇಕೆಂದು ಕಂಪೈಲರ್ ಮೊದಲೇ ಆರಿಸಿರುತ್ತದೆ. ಮುಂದೆ ಪೂರ್ಣಾಂಕಗಳ ಅರೇ ಒಂದನ್ನು ಮುದ್ರಿಸಲು ಹೋಗಿ ಚೌಕ ಕಂಸ, ಇಂಗ್ಲಿಷಿನ ಐ ಅಕ್ಷರ, ಅಟ್ ಚಿಹ್ನೆ, ಏನೇನೋ ಅಂಕಿ ಬಂದಾಗ ಹೆದರಬೇಡಿ. ಪೂರ್ಣಾಂಕಗಳ ಅರೇಗೆಂದೇ ಪ್ರಿಂಟ್‌ಲೈನ್ ಇಲ್ಲದ್ದರಿಂದ ಅದು ‘ಯಾವುದಾದರೂ ಆಬ್ಜೆಕ್ಟ್’ ಎಂಬ ಮೆಥಡ್ಡಿಗೆ ಬಿದ್ದು, ಬಗೆಯ ಗುರುತು ಮತ್ತು ಹ್ಯಾಶ್ ಸಂಖ್ಯೆ ಹೊರಬಂದಿದೆ ಅಷ್ಟೆ.

ನಿಮ್ಮ ಸ್ಟ್ರಿಂಗ್ ಪ್ರಿಂಟ್‌ಸ್ಟ್ರೀಮಿಗೆ ಸೇರಿದ ಮೇಲೆ ಅದು ಸಂಕೇತ ಕೋಷ್ಟಕದ ಪ್ರಕಾರ ಬೈಟುಗಳಾಗುತ್ತದೆ. ಕೊನೆಗೆ ಸಾಲು ಮುರಿಯುವ ಗುರುತು ಸೇರುತ್ತದೆ. ವಿಂಡೋಸಿನಲ್ಲಿ ಅದು 2 ಬೈಟು, ಲಿನಕ್ಸಿನಲ್ಲಿ 1. ಬೈಟುಗಳು ಆಪರೇಟಿಂಗ್ ಸಿಸ್ಟಮಿನ ಕೈಗೆ ಹೋಗುತ್ತವೆ. ಲಿನಕ್ಸಿನಲ್ಲಾದರೆ ‘ಫೈಲ್ ಸಂಖ್ಯೆ 1ಕ್ಕೆ ಇವಿಷ್ಟು ಬೈಟು ಬರೆ’ ಎಂಬ ಒಂದು ಸಿಸ್ಟಮ್ ಕಾಲ್. ಜಾವಾದ ಕೆಲಸ ಅಲ್ಲಿಗೆ ಮುಗಿಯಿತು. ಆ 1 ಎಂಬುದು ಟರ್ಮಿನಲ್ ಕಿಟಕಿಯೋ, ಫೈಲೋ, ಇನ್ನೊಂದು ಪ್ರೋಗ್ರಾಮೋ ಎಂಬುದು ಜಾವಾಕ್ಕೆ ಬೇಕಾಗಿಲ್ಲ. ಟರ್ಮಿನಲ್ ಆ ಬೈಟುಗಳನ್ನು ತನಗೆ ಗೊತ್ತಿರುವ ಕೋಷ್ಟಕದ ಪ್ರಕಾರ ಮತ್ತೆ ಅಕ್ಷರಗಳಾಗಿ ಓದಿ, ಫಾಂಟಿನಿಂದ ಆಕಾರ ತೆಗೆದು ಬಿಡಿಸುತ್ತದೆ.

ಅಂದರೆ ನಿಮ್ಮ ಕನ್ನಡ ಮಾತು ದಾರಿಯಲ್ಲಿ ಮೂರು ಕಡೆ ಕೆಡಬಹುದು: ಕಂಪೈಲರ್ ನಿಮ್ಮ ಫೈಲನ್ನು ಓದುವಾಗ, ಪ್ರಿಂಟ್‌ಸ್ಟ್ರೀಮ್ ಅದನ್ನು ಬೈಟುಗಳಾಗಿಸುವಾಗ, ಟರ್ಮಿನಲ್ ಅದನ್ನು ಬಿಡಿಸುವಾಗ. ಕೆಟ್ಟ ರೂಪ ಮೂರು ಕಡೆಯೂ ಒಂದೇ ಇರುವುದಿಲ್ಲ. ಈಗ ಎಣಿಕೆಗೆ ಬರೋಣ.

ಕಣ್ಣಿಗೆ ನಮಸ್ಕಾರ 4 ಅಕ್ಷರ, ದಾವಣಗೆರೆ 5. ಯೂನಿಕೋಡಿನಲ್ಲಿ ಹಾಗಲ್ಲ. ‘ಸ್ಕಾ’ ಎಂಬ ಒಂದು ಅಕ್ಷರದಲ್ಲಿ ಸ, ಹಲಂತ, ಕ, ಆಕಾರದ ಗುರುತು ಎಂದು 4 ಸಂಕೇತಗಳಿವೆ. ಹಾಗಾಗಿ ನಮಸ್ಕಾರ 7. ‘ದಾ’, ‘ಗೆ’, ‘ರೆ’ ತಲಾ 2, ಉಳಿದೆರಡು ಒಂದೊಂದು, ಒಟ್ಟು 8. ಕೂಡಿಸಿದರೆ 15. ನಡುವಿನ ಖಾಲಿ ಜಾಗ ಇಂಗ್ಲಿಷ್ ಕೋಷ್ಟಕದಲ್ಲೂ ಇರುವುದರಿಂದ ಅದು ಹಾಗೆಯೇ ಉಳಿದಿದೆ. ನಿಮ್ಮ ಪರದೆಯಲ್ಲಿ 7 ಚಿಹ್ನೆ, ಒಂದು ಜಾಗ, ಮತ್ತೆ 8 ಚಿಹ್ನೆ ಇರಬೇಕು, ನೋಡಿಕೊಳ್ಳಿ.

ಒಂದು ಸಂಕೇತಕ್ಕೆ ಸರಿಯಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಂದಿದೆ ಎಂದರೆ ಕಂಪೈಲರ್ ನಿಮ್ಮ ಕನ್ನಡವನ್ನು ಸರಿಯಾಗಿಯೇ ಓದಿದೆ. ಸ್ಟ್ರಿಂಗ್ ಜೆವಿಎಂ ಒಳಗೆ ಆರೋಗ್ಯವಾಗಿತ್ತು. ಕೆಟ್ಟದ್ದು ಬೈಟುಗಳಾಗುವಾಗ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಇಂದಿಗೂ ಸಾಮಾನ್ಯವಾಗಿ 437ರಂಥ ಹಳೆಯ ಕೋಡ್ ಪೇಜಿನೊಂದಿಗೆ (ಸಂಕೇತ ಕೋಷ್ಟಕಕ್ಕೆ ವಿಂಡೋಸಿನ ಹೆಸರು) ತೆರೆದುಕೊಳ್ಳುತ್ತದೆ. ಅದರಲ್ಲಿ ಇರುವುದು ಒಟ್ಟು 256 ಸ್ಥಾನಗಳು, ಕನ್ನಡಕ್ಕೆ ಒಂದೂ ಇಲ್ಲ. ಜೆವಿಎಂ ಏಳುವಾಗ ಅದನ್ನೇ ಕೇಳಿ ತಿಳಿದುಕೊಂಡಿತು. ಕೋಷ್ಟಕದಲ್ಲಿ ಇಲ್ಲದ ಸಂಕೇತ ಬಂದಾಗಲೆಲ್ಲ ಜಾವಾ ಅದರ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಒಮ್ಮೆ ಇಟ್ಟ ಮೇಲೆ ಮೂಲ ಅಕ್ಷರವನ್ನು ಹಿಂದಕ್ಕೆ ತರುವ ದಾರಿಯೇ ಇಲ್ಲ, ಫಾಂಟ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಹೋಲಿಕೆಗೆ ಬೇರೆ ಎರಡು ಬಗೆಯನ್ನೂ ತಿಳಿದಿರಿ. ಕಂಪೈಲರ್ ಫೈಲನ್ನು ತಪ್ಪು ಕೋಷ್ಟಕದಲ್ಲಿ ಓದಿದ್ದರೆ, ನೆತ್ತಿಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಎ ಅಕ್ಷರವೂ ಅದರ ಪಕ್ಕ ಮೇಲೆ ಕುಳಿತ ಪುಟ್ಟ 2 ಅಥವಾ 3 ಅಂಕಿಯೂ ಮತ್ತೆ ಮತ್ತೆ ಬರುತ್ತಿದ್ದವು. ಯೂನಿಕೋಡನ್ನು ಬೈಟುಗಳಾಗಿಸುವ ಕೋಷ್ಟಕವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು, ಅವುಗಳಲ್ಲಿ ಮೊದಲನೆಯದು ಎಲ್ಲಕ್ಕೂ ಒಂದೇ. ಅದು ಹಳೆಯ ವಿಂಡೋಸ್ ಕೋಷ್ಟಕದಲ್ಲಿ ಆ ಎ ಆಗಿ ಕಾಣುತ್ತದೆ. ಜಾವಾ 18ಕ್ಕಿಂತ ಹಿಂದಿನ ಕಂಪೈಲರಿಗೆ ‘ಎನ್‌ಕೋಡಿಂಗ್ ಯುಟಿಎಫ್-8’ ಎಂಬ ಆಯ್ಕೆ ಕೊಡದಿದ್ದರೆ ವಿಂಡೋಸಿನಲ್ಲಿ ಹೀಗಾಗುತ್ತದೆ. 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ. ಬರೀ ಖಾಲಿ ಚೌಕಗಳು ಬಂದರೆ ಅದು ಸಂತೋಷದ ಸಂಗತಿ: ಬೈಟುಗಳು ಸರಿಯಾಗಿ ತಲುಪಿವೆ, ಫಾಂಟಿನಲ್ಲಿ ಕನ್ನಡ ಇಲ್ಲ ಅಷ್ಟೆ.

ಪರಿಹಾರ ಹೀಗೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ‘ಸಿಎಚ್‌ಸಿಪಿ 65001’ ಎಂದು ಕೊಡಿ. 65001 ಎಂಬುದು ವಿಂಡೋಸ್ ಯುಟಿಎಫ್-8ಕ್ಕೆ ಇಟ್ಟಿರುವ ಸಂಖ್ಯೆ. ಅನಂತರ ಅದೇ ಕಿಟಕಿಯಲ್ಲಿ ಜಾವಾ ಓಡಿಸಿ. ಜಾವಾ 19 ಅಥವಾ ಹೊಸದಿದ್ದರೆ ‘ಎಸ್‌ಟಿಡಿಔಟ್.ಎನ್‌ಕೋಡಿಂಗ್’ ಎಂಬ ಗುಣಕ್ಕೆ ಯುಟಿಎಫ್-8 ಎಂದು, ಅಡ್ಡಗೆರೆ ಮತ್ತು ದೊಡ್ಡ ‘ಡಿ’ ಅಕ್ಷರ ಮುಂದಿಟ್ಟು, ಆಜ್ಞೆಯಲ್ಲೇ ಹೇಳಬಹುದು. ಆಗ ಜೆವಿಎಂ ಊಹಿಸುವ ಪ್ರಮೇಯವಿಲ್ಲ. ಎರಡನ್ನೂ ಮಾಡಿ. ಎರಡನೆಯದನ್ನಷ್ಟೇ ಮಾಡಿದರೆ ಜಾವಾ ಯುಟಿಎಫ್-8ರಲ್ಲಿ ಬರೆಯುತ್ತದೆ, ಟರ್ಮಿನಲ್ ಅದನ್ನು 437 ಎಂದು ಓದುತ್ತದೆ, ಗ್ರೀಕರ ಆಲ್ಫಾವೂ ಚುಕ್ಕಿ ತುಂಬಿದ ಚೌಕಗಳೂ ಪರದೆ ತುಂಬುತ್ತವೆ. ಹಳೆಯ ಕಪ್ಪು ಕಿಟಕಿಗಿಂತ ವಿಂಡೋಸ್ ಟರ್ಮಿನಲ್ ವಾಸಿ. ಅಲ್ಲಿಯೂ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರದೆ ಸ್ವಲ್ಪ ಚದುರಬಹುದು. ಸಮಾನ ಅಗಲದ ಮನೆಗಳಲ್ಲಿ ಇಂಗ್ಲಿಷ್ ಅಕ್ಷರ ಕೂರಿಸಲೆಂದು ಹುಟ್ಟಿದ ವ್ಯವಸ್ಥೆ ಅದು, ನಮ್ಮ ಗುಣಿತಾಕ್ಷರಗಳು ಅದಕ್ಕೆ ಒಗ್ಗುವುದು ಕಷ್ಟ.

ಪರದೆಯನ್ನು ನಂಬದೆಯೂ ಪರೀಕ್ಷಿಸುವ ದಾರಿಯಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ (ಪವರ್‌ಶೆಲ್‌ನಲ್ಲಿ ಬೇಡ, ಅದು ನಡುವೆ ಕೈಯಾಡಿಸುತ್ತದೆ) ಆಜ್ಞೆಯ ಕೊನೆಗೆ ‘ಹೆಚ್ಚು’ ಚಿಹ್ನೆ ಹಾಕಿ ಒಂದು ಫೈಲಿನ ಹೆಸರು ಕೊಡಿ. ಮಾತು ಪರದೆಗೆ ಬರುವ ಬದಲು ಫೈಲಿಗೆ ಹೋಗುತ್ತದೆ. ಆ ಫೈಲಿನ ಗಾತ್ರ ನೋಡಿ. 18 ಬೈಟು ಇದ್ದರೆ ಒಳಗಿರುವುದು ಪ್ರಶ್ನಾರ್ಥಕ ಚಿಹ್ನೆಗಳು: 15, ಒಂದು ಜಾಗ, ಸಾಲು ಮುರಿಯುವ 2. ಕನ್ನಡ ಸರಿಯಾಗಿ ಹೊರಬಂದಿದ್ದರೆ 15ರ ಮೂರರಷ್ಟು 45, ಜೊತೆಗೆ 1, ಜೊತೆಗೆ 2, ಒಟ್ಟು 48 ಇರಬೇಕು. ಫೈಲಿಗೆ ಕಳುಹಿಸುವಾಗ ಜೆವಿಎಂ ಟರ್ಮಿನಲ್ಲಿನ ಕೋಷ್ಟಕವನ್ನು ಕೇಳುವುದಿಲ್ಲವಾದ್ದರಿಂದ, ಆ ಎರಡನೆಯ ಆಯ್ಕೆಯನ್ನು ಇಲ್ಲಿ ಕೊಡಲೇಬೇಕು.

48 ಬಂದೂ ಪರದೆಯಲ್ಲಿ ಕನ್ನಡ ಕಾಣದಿದ್ದರೆ ಜಾವಾವನ್ನು ಬಿಟ್ಟು ಟರ್ಮಿನಲ್ಲಿನ ಫಾಂಟ್ ನೋಡಿ; ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟಿನಲ್ಲಿ ಕನ್ನಡ ಇದೆ. 18 ಬರುತ್ತಲೇ ಇದ್ದರೆ ನಿಮ್ಮ ಜಾವಾ ಯಾವ ಆವೃತ್ತಿ, ಬರೀ ‘ಸಿಎಚ್‌ಸಿಪಿ’ ಎಂದು ಕೊಟ್ಟಾಗ ಬರುವ ಸಂಖ್ಯೆ ಯಾವುದು, ನೀವು ಟೈಪ್ ಮಾಡಿದ ಆಜ್ಞೆ ಅಕ್ಷರಶಃ ಏನು ಎಂಬ ಮೂರನ್ನು ಬರೆದು ಕಳುಹಿಸಿ, ಮುಂದಿನದನ್ನು ನೋಡೋಣ.